ಸ್ಪಾರ್ಟಾದ ಮುದುಕನ ಕೊನೆಯ ಮಾತು

ಅಕ್ಕೂರು
ಭಾನುವಾರ, 14-7-2024

ನಮ್ಮ ಮೇಷ್ಟ್ರಿಗೆ,

ನಿಮ್ಮ ಹೆಂಡತಿಯ ನಮಸ್ಕಾರ, ಅದರ ಜೊತೆಗೆ ಒಂದಿಷ್ಟು ಕೋಪ. ಕುದೂರಿನಿಂದ ನೀವು ಬರೆದ ಕಾಗದ ತಲುಪಿತು. ಬೇರೆಯಾಗಿ ಎರಡು ವರ್ಷವಾಯಿತು, ಇನ್ನು ವಕೀಲರನ್ನು ಕಂಡು ವಿಚ್ಛೇದನಕ್ಕೆ ಅರ್ಜಿ ಹಾಕೋಣ, ಒಪ್ಪಿಗೆ ಬರೆದು ಕಳಿಸು ಎಂದಿದ್ದೀರಿ. ಕೂತುಕೊಂಡು ಓದಿ, ಇದೇ ಉತ್ತರ.

ನಮ್ಮ ಜಗಲಿ ನೆನಪಿದೆಯೇ? ನಾನು ರೇಷ್ಮೆಹುಳುಗಳಿಗೆ ಸೊಪ್ಪು ಹೆಚ್ಚುತ್ತಿದ್ದೆ, ನೀವು ಆ ಗ್ರೀಕರ ಪುಸ್ತಕವನ್ನು ಇಂಗ್ಲಿಷಿನಿಂದ ಕನ್ನಡ ಮಾಡಿಕೊಂಡು ಓದುತ್ತಿದ್ದಿರಿ. ಮೂವರು ಮುದುಕರು ಬಿಸಿಲಲ್ಲಿ ಬೆಟ್ಟದ ದಾರಿ ಹಿಡಿದು, ಹೊಸ ಊರೊಂದಕ್ಕೆ ಎಂಥ ಕಾನೂನು ಬೇಕೆಂದು ಮಾತಾಡುವ ಪುಸ್ತಕ. ಮಾತೆಲ್ಲ ಅಥೆನ್ಸಿನವನದು, ಅಂದರೆ ನಿಮ್ಮದು. ನನಗೆ ಕೊಟ್ಟಿದ್ದು ಸ್ಪಾರ್ಟಾದ ಮುದುಕನ ಪಾತ್ರ. ಮಹರಾಯ ಬಾಯಿ ಬಿಡುವುದೇ ಅಪರೂಪ. ಬಿಟ್ಟರೂ ಹೌದು, ಸರಿ, ಅಷ್ಟೇ. "ಇವ್ನಿಗೇನು ಬಾಯಿ ಬಿದ್ದೋಗೈತಾ?" ಎಂದು ನಾನು ರೇಗಿದರೆ ನೀವು ಬಿದ್ದು ಬಿದ್ದು ನಗುತ್ತಿದ್ದಿರಿ. ಆ ನಗು ಕೇಳಬೇಕೆನಿಸುತ್ತದೆ.

ಕೋಲೆ ಬಸವನ ಹಾಗೆ ತಲೆಯಾಡಿಸಿ ನನಗೆ ಅದೇ ಅಭ್ಯಾಸವಾಯಿತು. ಕುದೂರಿಗೆ ಮನೆ ಬದಲಿಸುವ ಜಗಳ ತಿಂಗಳುಗಟ್ಟಲೆ ನಡೆದ ಮೇಲೆ ನೀವು, "ನೀನು ಇಲ್ಲೇ ಇರು, ನಾನು ಅಲ್ಲಿರ್ತೀನಿ. ಬ್ಯಾರೆ ಆಗ್ಬುಡಾಣ್ವಾ?" ಎಂದಿರಿ. ಸೊಪ್ಪಿನಿಂದ ತಲೆ ಎತ್ತದೆ ಹೂಂ ಎಂದೆ. ಅಷ್ಟಕ್ಕೇ ಚೀಲ ತುಂಬಿಕೊಂಡಿರಲ್ಲ! ಕಾನೂನು ಹೇರುವ ಮೊದಲು ಜನರ ಮನಸ್ಸು ಒಲಿಸಬೇಕು ಎಂದು ಓದಿ ಹೇಳಿದವರು ನೀವೇ. ನನ್ನನ್ನು ಇನ್ನೊಂದು ಸಲ ಕೇಳಬಾರದಿತ್ತೇ?

ಆ ಪುಸ್ತಕದ ಕೊನೆಯ ಪುಟ ನೀವು ಓದಿ ಹೇಳಲೇ ಇಲ್ಲ. ಅದರಲ್ಲೇನಿದೆ ಎಂದು ನನಗೆ ಮೊನ್ನೆ ತಿಳಿಯಿತು. ಹೇಗೆ ಎಂದು ಆಮೇಲೆ ಹೇಳುತ್ತೇನೆ. ಅಲ್ಲಿ ಆ ಸ್ಪಾರ್ಟಾದ ಮುದುಕ ಯಾರೂ ಕೇಳದೆಯೇ ಬಾಯಿ ಬಿಡುತ್ತಾನೆ. ಈ ಅಥೆನ್ಸಿನವನು ಜೊತೆಗಿರದಿದ್ದರೆ ಊರು ಕಟ್ಟುವ ಆಸೆಯನ್ನೇ ಬಿಡಬೇಕು, ಬೇಡಿಕೊಂಡಾದರೂ, ಏನು ಉಪಾಯ ಮಾಡಿಯಾದರೂ ಇವನನ್ನು ಹೋಗಗೊಡಬಾರದು ಎನ್ನುತ್ತಾನೆ. ನಾನು ಅತ್ತುಬಿಟ್ಟೆ.

ಈಗ ನಾನೂ ಬಾಯಿ ಬಿಡುತ್ತಿದ್ದೇನೆ. ನನ್ನ ಒಪ್ಪಿಗೆ ಇಲ್ಲ. ಮನೆ ಅಕ್ಕೂರಲ್ಲೋ ಕುದೂರಲ್ಲೋ, ಎದುರುಬದುರು ಕೂತು ತೀರ್ಮಾನಿಸೋಣ. ನೀವಿಲ್ಲದೆ ಸಂಜೆ ಕಳೆಯುವುದೇ ಕಷ್ಟವಾಗಿದೆ. ಬಂದುಬಿಡಿ.

ಜಗಲಿಯಲ್ಲಿ ನಿಮ್ಮ ದಾರಿ ನೋಡುತ್ತಿರುವ
ಯಶೋಧಾ

ತಾ.ಕ.: ಆ ಪುಸ್ತಕ ಅಲ್ಲೇನಾದರೂ ಇದೆಯೇ ಎಂದು ನೀವು ಮೂರು ಸಲ ಫೋನ್ ಮಾಡಿದಾಗಲೂ ಇಲ್ಲ ಎಂದಿದ್ದೆ. ಸುಳ್ಳು. ಹೊರಡುವ ದಿನ ನೀವು ಸ್ನಾನಕ್ಕೆ ಹೋದಾಗ ಚೀಲದಿಂದ ತೆಗೆದು ರಾಗಿ ಡ್ರಮ್ಮಿನಲ್ಲಿ ಬಚ್ಚಿಟ್ಟವಳು ನಾನೇ. ಮೊನ್ನೆ ಹೊರಗೆ ತೆಗೆದು, ಪಕ್ಕದ ಮನೆಯ ಕಾಲೇಜು ಹುಡುಗಿಯಿಂದ ಕೊನೆಯ ಪುಟವನ್ನು ಕನ್ನಡದಲ್ಲಿ ಹೇಳಿಸಿಕೊಂಡೆ. ಅಂಚೆಯಲ್ಲಿ ಕಳಿಸುವುದಿಲ್ಲ, ಬಂದು ತೆಗೆದುಕೊಳ್ಳಿ.