ಹೊಟ್ಟೆಯೊಳಗೆ ಹೆಸರಿದ್ದ ಕೌದಿ

ತೇಲೂರು,
ಹದಿಮೂರನೆಯ ತಿಂಗಳ ನಾಲ್ಕನೆಯ ದಿನ, ಇಸವಿ ೨೨೧೯

ಪೂಜ್ಯ ದ್ಯಾಮವ್ವಜ್ಜಿಯವರಿಗೆ, ನಿಮ್ಮಿಂದ ಆರನೆಯ ತಲೆಮಾರಿನ ಹಾಲವ್ವ ತಲೆಬಾಗಿ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ವರ್ಷಕ್ಕೆ ಹದಿಮೂರು ತಿಂಗಳು. ಯಾಕೆ ಹಾಗೆಂದು ಕೇಳಿದರೆ ಇಲ್ಲಿ ಯಾರಿಗೂ ಗೊತ್ತಿಲ್ಲ. ನಿಮಗೆ ತಿಳಿಯದ ಪದಗಳು ಬಂದರೆ ಕ್ಷಮಿಸಿ, ಬಂದಲ್ಲೇ ಬಿಡಿಸಿ ಹೇಳುತ್ತೇನೆ. ನನಗೆ ಎಪ್ಪತ್ತೊಂದು, ಇದು ತಲುಪುವಾಗ ನಿಮಗೆ ಮೂವತ್ತೆಂಟೋ ನಲವತ್ತೋ ಇರಬೇಕು. ಆದರೂ ಅಜ್ಜಿ ನೀವೇ, ಬೈಸಿಕೊಳ್ಳುವವಳು ನಾನೇ.

ಈ ಕಾಗದಕ್ಕೆ ಹಿಂದೋಲೆ ಎನ್ನುತ್ತೇವೆ, ಅಂದರೆ ಕಾಲದಲ್ಲಿ ಹಿಂದಕ್ಕೆ ನಡೆಯುವ ಓಲೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ. ಪಕ್ಕದ ಮನೆಯವರು ತಮ್ಮದನ್ನು ಯಾವನೋ ಮುತ್ತಜ್ಜನಿಗೆ ಬೈಯಲು ಕಳೆದುಕೊಂಡರು. ನಾನು ನನ್ನದನ್ನು ಗೆದ್ದ ಸುದ್ದಿ ಹೇಳಲು ಇಟ್ಟುಕೊಂಡೆ. ಇದಕ್ಕೆ ಊರು ಕೇರಿ ಬೇಕಿಲ್ಲ, ಹೆಸರು ಮಾತ್ರ ಬೇಕೇ ಬೇಕು. ಹೋದ ತಿಂಗಳವರೆಗೆ ನಿಮ್ಮ ಹೆಸರೇ ನಮಗೆ ಗೊತ್ತಿರಲಿಲ್ಲ.

ತೇಲೂರು ಕೃಷ್ಣೆಯ ಹಿನ್ನೀರಿನ ಮೇಲಿದೆ. ನೀರು ಏರಿದರೆ ಮನೆಗಳೂ ಏರುತ್ತವೆ, ಇಳಿದರೆ ಇಳಿಯುತ್ತವೆ. ಒಲೆಯ ಮೇಲಿನ ಸಾರು ಮಾತ್ರ ಚೆಲ್ಲುವುದಿಲ್ಲ. ನಮ್ಮವು ಉಸಿರುಗೋಡೆಗಳು, ಚಳಿಗೆ ತಾವೇ ಬೆಚ್ಚಗಾಗುತ್ತವೆ, ಹೊದೆಯುವ ಅಗತ್ಯವೇ ಇಲ್ಲ. ಉಡುವುದು ಬೆಳೆಬಟ್ಟೆ. ಅದು ತೊಟ್ಟಿಯಲ್ಲಿ ಸೊಪ್ಪಿನ ಹಾಗೆ ಬೆಳೆದು, ವರ್ಷ ತುಂಬಿದರೆ ಮಣ್ಣಾಗುತ್ತದೆ. ತಾಯಿಯ ಸೀರೆ ಮಗಳಿಗೆ ಉಳಿಯುವುದಿಲ್ಲ. ನಾನು ಆ ಬಟ್ಟೆಯ ತುಂಡುಗಳನ್ನೇ ಪದರ ಪದರವಾಗಿ ಕೂಡಿಸಿ ವರ್ಷಕ್ಕೊಂದು ಕೌದಿ ಹೊಲಿಯುತ್ತೇನೆ, ಮುಂದಿನ ವರ್ಷ ಅದು ಗಿಡದ ಬುಡಕ್ಕೆ ಹೋಗುವುದೆಂದು ಗೊತ್ತಿದ್ದೂ. ಕೈ ಮರೆಯಬಾರದಲ್ಲ. ನಿಮ್ಮ ಕಾಲದ ಹತ್ತಿ ಸೀರೆಗಳ ಕೌದಿಗಳನ್ನು ಹಳೆಮನೆ ಎಂಬ ದೊಡ್ಡ ಪಡಸಾಲೆಯಲ್ಲಿ ತೂಗುಹಾಕಿದ್ದಾರೆ. ಒಟ್ಟು ಇಪ್ಪತ್ತೆರಡು. ಪ್ರತಿಯೊಂದರ ಕೆಳಗೂ ಒಂದು ಹಲಗೆ, ಎಲ್ಲದರ ಮೇಲೂ ಒಂದೇ ಮಾತು: ಮಾಡಿದವರು ತಿಳಿದಿಲ್ಲ.

ಏಳನೆಯದು ನಮ್ಮ ಮನೆಯದೆಂದು ನಮ್ಮವ್ವ ಸಾಯುವವರೆಗೂ ಹೇಳಿದಳು. ನಮ್ಮ ಮುತ್ತಜ್ಜಿಯರಲ್ಲಿ ಒಬ್ಬಳಾದ ಕಸ್ತೂರಿಯ ತಾಯಿ ಹೊಲಿದದ್ದು ಎನ್ನುತ್ತಿದ್ದಳು. ಆ ತಾಯಿಯ ಹೆಸರು ಅವಳಿಗೂ ಗೊತ್ತಿರಲಿಲ್ಲ. ಮೂರು ವರ್ಷ ನಾನು ಹಳೆಮನೆಗೆ ಅಲೆದೆ, ಹೆಸರಿಲ್ಲದೆ ಹಲಗೆ ಬದಲಾಗದು ಎಂದು ಮೂರು ವರ್ಷವೂ ಹಿಂದಕ್ಕೆ ಕಳಿಸಿದರು. ಹೆತ್ತವಳ ಹೆಸರು ಗೊತ್ತಿಲ್ಲದ ವಂಶ ಎಂದು ನನಗೇ ನಾಚಿಕೆಯಾಗುತ್ತಿತ್ತು.

ಹೋದ ತಿಂಗಳು ಕೌದಿಗಳನ್ನು ಶುಚಿ ಮಾಡಲು ಇಳಿಸಿದಾಗ ನಾನೂ ಅಲ್ಲಿದ್ದೆ. ಮೇಲ್ವಿಚಾರಕ ಚಿರಂತ ಹಳೆಯ ಬಟ್ಟೆಗಳ ಬಗ್ಗೆ ದೊಡ್ಡ ಓದು ಓದಿದವನು. ಏಳನೆಯದರ ನಡುವೆ ಉಬ್ಬಿದ್ದ ಚೌಕವನ್ನು ತೋರಿಸಿ, ಇದು ಆಮೇಲೆ ಯಾರೋ ಹಾಕಿದ ಒರಟು ತೇಪೆ, ಬಿಚ್ಚಿ ಒಳಗಿನ ಕಸ ತೆಗೆದುಬಿಡಿ ಎಂದ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಕತ್ತರಿ ಹಿಡಿದಿದ್ದ ಹುಡುಗಿಯ ಕೈಯನ್ನು ನಾನು ಗಟ್ಟಿಯಾಗಿ ಹಿಡಿದೆ.

“ಅದು ತೇಪಿ ಅಲ್ಲೋ ತಮ್ಮಾ, ಕೌದಿ ಹೊಟ್ಟಿ! ಕೌದಿ ಹಸದ ಇರಬಾರದು ಅಂತ, ಹೊಲಿಗಿ ಮುಗಿಯೂ ಮುಂದ ಒಂದ ಚೂರು ಹೋಳಿಗಿ ಇಟ್ಟ ಮುಚ್ಚತೀವಿ.”

“ಹಾಗೆಂದು ಯಾವ ಗ್ರಂಥದಲ್ಲೂ ಇಲ್ಲವಲ್ಲ, ಅಮ್ಮ.”

“ಗ್ರಂಥ ಬರದಾವ್ರು ಕೌದಿ ಹೊಲದಿದ್ರೇನು?”

ಒಳದೀಪ ತರಿಸಿದರು. ಅದು ಹೊಲಿಗೆ ಬಿಚ್ಚದೆಯೇ ಒಳಗಿನದನ್ನು ತೋರಿಸುವ ಬೆಳಕು. ಹೋಳಿಗೆ ಹುಡಿಯಾಗಿತ್ತು. ಹುಡಿಯ ಕೆಳಗೆ ಎರಡು ಬೆರಳಗಲದ ಬಿಳಿ ಪಟ್ಟಿ, ಅದರ ಮೇಲೆ ಕೆಂಪು ದಾರದಲ್ಲಿ ಸೊಟ್ಟಸೊಟ್ಟ ಅಕ್ಷರ: ‘ದ್ಯಾಮವ್ವ. ಮಗಳು ಕಸ್ತೂರಿಗೆ.’

ಅಳಲಿಲ್ಲ ಎಂದರೆ ಸುಳ್ಳಾದೀತು. ಆದರೆ ಅತ್ತದ್ದಕ್ಕಿಂತ ಹೆಚ್ಚು ಬೀಗಿದೆ. ಚಿರಂತ ತಾನೇ ಕೂತು ಹಲಗೆ ಬರೆದ, ಬರೆಯುವ ಮುಂಚೆ ನನ್ನ ಕಾಲು ಮುಟ್ಟಿದ. ನಲವತ್ತು ಮಕ್ಕಳು ನಿಮ್ಮ ಹೆಸರನ್ನು ಪಡಸಾಲೆ ಗುಂಯ್‌ಗುಡುವ ಹಾಗೆ ಕೂಗಿ ಓದಿದರು. ಇನ್ನೂರು ವರ್ಷ ನೀರು, ಹುಳ, ಓದಿದವರು ಎಲ್ಲರನ್ನೂ ನೀವು ಗೆದ್ದಿರಿ, ಅಜ್ಜಿ.

ಹೆಸರನ್ನು ಒಳಗೇಕೆ ಬಚ್ಚಿಟ್ಟಿರೆಂದು ನನಗೆ ಯಾರೂ ಹೇಳಬೇಕಿಲ್ಲ. ಊರದೇವಿಯ ಹೆಸರು ಅದು, ಮೇಲೆ ಬರೆದರೆ ಮಲಗಿದವರ ಕಾಲು ತಾಗುತ್ತದೆ. ನಿಮ್ಮ ಕಾಲದವರೆಲ್ಲ ಹೀಗೇ ಅಂಜಿ ಹೆಸರು ಬರೆಯದೆ ಬಿಟ್ಟರು. ಉಳಿದ ಇಪ್ಪತ್ತೊಂದಕ್ಕೂ ಒಳದೀಪ ಹಿಡಿಸಿದೆ, ಬರೀ ಹುಡಿ. ಹಿರಿಯರಿಗೆ ಬುದ್ಧಿ ಹೇಳುವುದು ತಪ್ಪು, ಆದರೂ ಹೇಳುತ್ತೇನೆ. ಹೆಸರು ತಲೆದೆಸೆಯಲ್ಲಿರಲಿ, ಕಾಲು ತಾಗುವ ಮಾತೇ ಬರುವುದಿಲ್ಲ. ಶಾಯಿ ಬೇಡ, ನಾಲ್ಕು ಸಲ ತೊಳೆದರೆ ಹೋಗುತ್ತದೆ, ದಾರದಲ್ಲೇ ಬರೆಯಿರಿ. ಪಟ್ಟಿಯನ್ನು ಕೊನೆಯಲ್ಲಿ ಹಚ್ಚಿದರೆ ಯಾರು ಬೇಕಾದರೂ ಕಿತ್ತಾರು. ಮೊದಲೇ ತಳದ ಬಟ್ಟೆಗೆ ಕೂಡಿಸಿ, ಕೌದಿಯ ಹೊಲಿಗೆ ಅದರ ಮೇಲೂ ಹಾಯಲಿ. ಊರು, ಇಸವಿ, ಯಾರಿಗಾಗಿ ಹೊಲಿದದ್ದು ಎಂಬುದೂ ಇರಲಿ. ಇಸವಿ ನೀವೂ ಮರೆತಿದ್ದೀರಿ. ಅಕ್ಷರ ಬಾರದವರು ಮುಂಗೈಯ ಹಚ್ಚೆಯನ್ನೇ ಹೊಲಿಯಲಿ, ನಾವು ಓದಿಕೊಳ್ಳುತ್ತೇವೆ.

ಇನ್ನೊಂದೇ ಮಾತು. ನಿಮ್ಮ ಕೌದಿಯ ಅಂಚಿನಲ್ಲಿ ಹಸಿರು ಸೀರೆಯ ಸೆರಗಿನ ತುಂಡಿದೆ, ಅದರಲ್ಲಿ ಅರ್ಧ ನವಿಲು. ಉಳಿದರ್ಧ ನವಿಲು ಎಂಟನೆಯ ಕೌದಿಯಲ್ಲಿದೆ. ಕತ್ತರಿಯ ಗೆರೆ ಗೆರೆಗೆ ಕೂಡುತ್ತದೆ. ಅದನ್ನು ಹೊಲಿದಾಕೆ ನಿಮ್ಮೆದುರೇ ಕೂತು, ನಿಮ್ಮಿಂದಲೇ ಆ ತುಂಡು ಇಸಿದುಕೊಂಡವರು. ಹೆಸರಿಲ್ಲದವರಿಗೆ ಹಿಂದೋಲೆ ಹೋಗುವುದಿಲ್ಲ. ಅವರ ಹೆಸರು ನಿಮಗೊಬ್ಬರಿಗೇ ಗೊತ್ತು. ಅವರ ಕೌದಿ ಮುಗಿಯುವ ಮುಂಚೆ ಕೈಗೆ ಕೆಂಪು ದಾರ ಕೊಟ್ಟು ಕೂರಿಸಿ, ಬೇಡವೆಂದರೆ ಬೈದು ಕೂರಿಸಿ.

ನಾಳೆ ಹಳೆಮನೆಯ ಬಾಗಿಲು ತೆಗೆಯುವ ಹೊತ್ತಿಗೆ ನಾನು ಎಂಟನೆಯ ಹಲಗೆಯ ಮುಂದೆ ನಿಂತಿರುತ್ತೇನೆ.

ನಿಮ್ಮ ಮೊಮ್ಮಗಳು,
ಹಾಲವ್ವ