ಹಲ್ಲುಗಳಿಗೆ ಕೇಳಿದ ಗಿಟಾರ್

ಅಪ್ಪನಿಗೆ ಕಿರಿಮಗಳ ನಮಸ್ಕಾರ. ನನ್ನ ಕೆಮ್ಮು ಪೂರ್ತಿ ಹೋಗಿದೆ, ಅಮ್ಮನಿಗೆ ಹೇಳಿಬಿಡಿ.

ಇವತ್ತು ಎಲೆಕ್ಟ್ರಿಕ್ ಗಿಟಾರ್ ಮಾಡುವ ವಯಸ್ಸಾದ ಹೆಂಗಸೊಬ್ಬರ ಕಾರ್ಖಾನೆ ನೋಡಿದೆ. ಕಾರ್ಖಾನೆಯೆಂದರೆ ಒಂದೇ ಕೋಣೆ. ಹಲಗೆ ಕೊಯ್ಯುವುದರಿಂದ ಬಣ್ಣ ಹೊಡೆಯುವತನಕ ಎಲ್ಲಾ ಅವರೊಬ್ಬರೇ. ಗಿಟಾರಿನ ಎದೆಯಲ್ಲಿ ಕೂರಿಸುವ ಅಯಸ್ಕಾಂತಕ್ಕೆ, ಕೂದಲಿಗಿಂತ ಸಣ್ಣ ತಾಮ್ರದ ತಂತಿಯನ್ನು ಎಂಟು ಸಾವಿರ ಸುತ್ತು ಸುತ್ತುತ್ತಾರೆ. ನಾನು ಬಾಯಿಬಿಟ್ಟುಕೊಂಡು ನಿಂತಿದ್ದೆ. ಆಮೇಲೆ ತಿಳಿಯಿತು, ಅವರಿಗೂ ಕಿವಿ ಕೇಳುವುದಿಲ್ಲ. ನಿಮಗೆ ದೊಡ್ಡವರಾದ ಮೇಲೆ ಆದದ್ದು ಅವರಿಗೆ ಚಿಕ್ಕಂದಿನಲ್ಲೇ ಆಯಿತಂತೆ, ಥೇಟ್ ನಿಮ್ಮ ಹಾಗೆ ಕಿವಿ ಸೋರಿ ತಮಟೆ ಹರಿದದ್ದು.

ಹಾಗಾದರೆ ನಾದ ಹೇಗೆ ಗೊತ್ತಾಗುತ್ತದೆ ಎಂದು ಚೀಟಿಯಲ್ಲಿ ಬರೆದು ಕೇಳಿದೆ. ಅವರು ಹೊಸ ಗಿಟಾರೊಂದರ ಅಂಚನ್ನು ಒರೆಸಿ, ಅದಕ್ಕೆ ಹಲ್ಲೂರಿ, ತಂತಿ ಮೀಟಿ ತೋರಿಸಿದರು.

"ನೀನೂ ಕಚ್ಚಮ್ಮ. ಕಿವಿ ಮುಚ್ಕೋ, ನಾನು ಮೀಟ್ತೀನಿ."

ಕಚ್ಚಿದೆ. ಅಪ್ಪ, ಆ ನಾದ ಹೊರಗಿನಿಂದ ಬರಲೇ ಇಲ್ಲ. ದವಡೆಯಿಂದ ಹತ್ತಿ ನೆತ್ತಿಯತನಕ ತುಂಬಿಕೊಂಡಿತು. ತಂತಿ ಸುಮ್ಮನಾದ ಮೇಲೂ ನಾನು ಬಾಯಿ ತೆಗೆಯಲಿಲ್ಲ. ಕೊನೆಗೆ ನೋಡಿದರೆ ವಾರ್ನಿಶ್ ಮೇಲೆ ನನ್ನ ಹಲ್ಲಿನ ಗುರುತು. ಬೈಗುಳ ಗ್ಯಾರಂಟಿ ಎಂದುಕೊಂಡೆ.

"ಇರ್ಲಿ ಬಿಡು, ಪಕ್ಕದಲ್ಲಿ ನಂದೂ ಇದೆ" ಎಂದರು.

ಕಾರ್ಡಿನಲ್ಲಿ ಜಾಗ ಮುಗಿಯುತ್ತಿದೆ. ಕಿವಿ ಕೇಳದಾದ ವರ್ಷ ಗೋಡೆಗೇರಿಸಿದ ನಿಮ್ಮ ಗಿಟಾರನ್ನು ಇಳಿಸಿ, ಧೂಳು ಒರೆಸಿಡಿ. ಬರುವ ತಿಂಗಳು ಮುಂದಿನ ನಾಲ್ಕೂ ಹಲ್ಲು ಕೀಳಿಸುತ್ತೀರೆಂದು ಅಮ್ಮ ಬರೆದಿದ್ದಾಳೆ. ಎಷ್ಟು ಅಲ್ಲಾಡಿದರೂ ಸರಿ, ನಾನು ಬರುವತನಕ ಒಂದನ್ನೂ ಕೀಳಿಸಬೇಡಿ.