ತೋಳಿನ ಜೊತೆ ಹೋದ ಗುಡ್ಡ

ಮನೆಯಿಂದ
ತಾರೀಖು ೧೦, ಮಂಗಳವಾರ ಬೆಳಿಗ್ಗೆ

ಪ್ರೀತಿಯ ತಮ್ಮಾ,

ನಿನ್ನೆ ಮಧ್ಯಾಹ್ನ ಹೊಲಿಗೆ ಮೆಷಿನ್ನಿನ ಮೇಲೆ ತಲೆ ಇಟ್ಟವಳಿಗೆ ಹಾಗೇ ಕಣ್ಣು ಹತ್ತಿ ಒಂದು ಕೆಟ್ಟ ಕನಸು ಬಿತ್ತು. ನೀನು ಆಸ್ಪತ್ರೆಯ ಅಂಗಿ ಹಾಕಿಕೊಂಡು ಒಂದು ಗುಡ್ಡದ ಮೇಲೆ ಕೂತಿದ್ದೆ. ಕೆಳಗೆ ನಾನು ಕತ್ತರಿ ಹಿಡಿದು ನಿಂತಿದ್ದೆ. ಇಳಿದು ಬಾರೋ ಅಂತ ಕೂಗೋಣ ಅಂದರೆ ಬಾಯಿ ತುಂಬ ಗುಂಡುಸೂಜಿ. ನೀನು ಹೇಗಿದ್ದೀ? ಬೆನ್ನುನೋವು ಕಾಲಿಗೆ ಇಳಿಯುವುದು ನಿಂತಿತಾ? ಇಪ್ಪತ್ತೈದನೇ ತಾರೀಖಿನ ಆಪರೇಷನ್ ಮತ್ತೆ ಮುಂದೆ ಹಾಕಿಲ್ಲ ತಾನೇ? ಆ ನರ್ಸಮ್ಮ ದಿಂಬು ಬದಲಾಯಿಸಿಕೊಟ್ಟಳಾ? ನಾನಿಲ್ಲಿ ಚೆನ್ನಾಗಿದ್ದೇನೆ. ಊಟ ಸೇರುತ್ತಿಲ್ಲ, ಅಷ್ಟೇ.

ನಿನ್ನ ಆಟದ ಆ ಮೂವರು ಮಹಾನುಭಾವರು ಪ್ರತಿ ಭಾನುವಾರ ತಪ್ಪದೆ ಬರುತ್ತಾರೆ. ನೀನು ಆಸ್ಪತ್ರೆ ಸೇರಿದ ಮೇಲಾದರೂ ಈ ಪೀಡೆ ತೊಲಗುತ್ತದೆ ಅಂದುಕೊಂಡಿದ್ದೆ. ಹಾಗೆ ಅಂದುಕೊಂಡದ್ದೇ ತಪ್ಪಾಯಿತೇನೋ ಅಂತ ಈಗ ಭಯ. ಬಟ್ಟೆ ಕತ್ತರಿಸುವ ನನ್ನ ಮೇಜಿನಷ್ಟು ದೊಡ್ಡ ಮೇಜು ಬೇರೆ ಯಾರ ಮನೆಯಲ್ಲೂ ಇಲ್ಲವಂತೆ. ನಲವತ್ತು ದಾಟಿದ ಗಂಡಸರು ದಾಳ ಉರುಳಿಸಿ ಇಲ್ಲದ ಊರಿನಲ್ಲಿ ಇಲ್ಲದ ಕುದುರೆಗೆ ಹುಲ್ಲು ಹುಡುಕುತ್ತಾರೆ. ಗೆಲ್ಲುವುದಿಲ್ಲ, ಸೋಲುವುದಿಲ್ಲ, ಹೋಗಲಿ ಒಂದು ಕಥೆಯಾದರೂ ಇದೆಯಾ ಅಂದರೆ ಅದೂ ಇಲ್ಲ. ಆಟ ನಡೆಸುವ ದೊಡ್ಡ ಮನುಷ್ಯ ಆ ಬೀಗ ರಿಪೇರಿಯವನು ತಾನೇ. "ಇದರಲ್ಲಿ ಯಾರೂ ದಾರಿ ತೋರಿಸಲ್ಲ ಅಕ್ಕಾ, ಭೂಮಿ ಹಾಸಿಟ್ಟಿದ್ದೀವಿ, ಎತ್ತ ಬೇಕಾದ್ರೂ ಹೋಗ್ಬೋದು, ನಾವು ಸುಮ್ನಿದ್ರೂ ಅದರ ಪಾಡಿಗೆ ಅದು ನಡೀತಿರುತ್ತೆ" ಅನ್ನುತ್ತಾನೆ, ನಿಜವಾದ ಭೂಮಿಯನ್ನೇ ಹಾಸಿದವನ ಹಾಗೆ. ವಾರವೆಲ್ಲ ಮೇಲೆ ಕೆಳಗೆ ಓಡಾಡುವ ಲಿಫ್ಟಿನವನು ಎಡಕ್ಕೆ ಹೋಗಲಾ ಬಲಕ್ಕೆ ಹೋಗಲಾ ಅಂತ ಎರಡು ಗಂಟೆ ಯೋಚಿಸಿ ಕೊನೆಗೆ ನಿಂತಲ್ಲೇ ಡೇರೆ ಹಾಕುತ್ತಾನೆ. ಹಲ್ಲಿನ ಡಾಕ್ಟರ ಕಾಂಪೌಂಡರು ಆರು ವರ್ಷದಿಂದ ಹಡಗು ಕಟ್ಟುತ್ತಿದ್ದಾನೆ. ಸಮುದ್ರ ಎಲ್ಲಿದೆ ಅಂತ ಅವನಿಗೆ ಇನ್ನೂ ಸಿಕ್ಕಿಲ್ಲ. ಇವರು ಸಾಲದು ಅಂತ ನೀನು ಹಾಸಿಗೆಯಲ್ಲಿ ಮಲಗಿ ಕಾಗದ ಬರೆದು ಆ ಆಟದೊಳಗಿನ ನಿನ್ನ ಕುದುರೆ ಸವಾರನನ್ನು ನಡೆಸುತ್ತೀಯ. ಅಕ್ಕನಿಗೆ ನಾಲ್ಕು ಸಾಲು ಬರೆಯಲು ಕೈ ನೋಯುತ್ತದೆ, ಇದಕ್ಕೆ ನೋಯುವುದಿಲ್ಲ.

ಶನಿವಾರ ಒಂದು ಅನಾಹುತ ಆಯಿತು. ಶಾಲೆ ಟೀಚರ ಕೋಟು ಅವತ್ತೇ ಕತ್ತರಿಸಬೇಕಿತ್ತು. ನಿಮ್ಮ ನಕ್ಷೆ ಇದೆಯಲ್ಲ, ಜೇನುಗೂಡಿನ ಹಾಗೆ ಆರು ಮೂಲೆಯ ಮನೆಗಳಿರುವ ಹಾಳೆ, ಅದನ್ನು ನೀನು ಹರಿದುಕೊಂಡದ್ದು ನಾನು ಬಟ್ಟೆಗೆ ಮೊದಲು ಅಚ್ಚು ಕತ್ತರಿಸಿಕೊಳ್ಳುವ ಕಂದು ಕಾಗದದ ಸುರುಳಿಯಿಂದಲೇ. ಆ ಸೋಮಾರಿಗಳು ಅದನ್ನು ಎತ್ತಿಡದೆ ಹೋಗಿದ್ದರು, ಮೇಜಿನ ಮೇಲೆ ನನ್ನ ಹಾಳೆಗಳ ನಡುವೆ ಮಗುಚಿ ಬಿದ್ದಿತ್ತು. ನನ್ನದೇ ಹಾಳೆ ಅಂದುಕೊಂಡು ತೋಳಿನ ಅಳತೆ ಬರೆದು ಒಂದೇ ಏಟಿಗೆ ಕತ್ತರಿಸಿದೆ. ತಿರುಗಿಸಿ ನೋಡಿದರೆ ಉತ್ತರದ ಗುಡ್ಡ ಪೂರ್ತಿ ನನ್ನ ಕೈಯಲ್ಲಿತ್ತು.

ಭಾನುವಾರ ಅವರಿಗೆ ತೋರಿಸಿದೆ. ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಆ ದಡ್ಡರಿಗೆ ಸಂತೋಷವಾಯಿತು. "ಗುಡ್ಡಾನೇ ಕುಸಿದುಹೋಯ್ತು ಅನ್ನೋಣ, ಆರು ವರ್ಷದಲ್ಲಿ ಇಂಥ ಮಜಾ ಸಿಕ್ಕಿರ್ಲಿಲ್ಲ" ಅಂತ ಲಿಫ್ಟಿನವನು ತೊಡೆ ತಟ್ಟಿಕೊಂಡ. ಬೀಗದವನು ದಾಳ ಹಾಕಿ, ಅವರ ಆಟದ ಮಳೆಗಾಲದ ಒಂಬತ್ತನೇ ದಿನ ಗುಡ್ಡ ಕುಸಿಯಿತು ಅಂತ ತನ್ನ ಪುಸ್ತಕದಲ್ಲಿ ಬರೆದೇಬಿಟ್ಟ. ಆಮೇಲೆ ಕಾಂಪೌಂಡರು ಮೆಲ್ಲಗೆ, "ಇವರ ತಮ್ಮನ ಸವಾರ ಅಲ್ಲೇ ಇದ್ನಲ್ಲೋ" ಅಂದ. ಮೂವರೂ ನನ್ನ ಮುಖ ನೋಡಿದರು. ಅಂಟಿಸಿಕೊಡುತ್ತೇನೆ, ಗೆರೆ ಕೂಡ ಕಾಣುವುದಿಲ್ಲ ಅಂದೆ. "ಅಂಟಿಸಿದ್ರೆ ಆಟ ಸುಳ್ಳಾಗುತ್ತಕ್ಕಾ, ಆಗಿದ್ದು ಆಯ್ತು" ಅಂದ ಬೀಗದವನು. ಬೀದಿಯವರ ಬೀಗಕ್ಕೆಲ್ಲ ಇನ್ನೊಂದು ಕೀಲಿ ಮಾಡಿಕೊಡುವವನ ಹತ್ತಿರ ನನಗೆ ಒಂದು ಕೀಲಿ ಇಲ್ಲ.

ಇದೆಲ್ಲ ಹುಚ್ಚಾಟ, ನಾನು ನಂಬುವವಳಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳಾದರೂ ಕಾಗದದ ಮನುಷ್ಯ ಸತ್ತರೆ ಹಾಸಿಗೆಯಲ್ಲಿರುವ ಮನುಷ್ಯನಿಗೆ ಏನೂ ಆಗುವುದಿಲ್ಲ ಅನ್ನುವಷ್ಟು ನನಗೆ ಗೊತ್ತು. ಆದರೂ ಆಪರೇಷನ್ ಹತ್ತಿರ ಬಂದಿರುವಾಗ ನನ್ನ ಕೈಯಿಂದಲೇ ಯಾಕೆ ಆಗಬೇಕಿತ್ತು. ಕೋಟು ಹೊಲಿದು ಕೊಟ್ಟಾಯಿತು, ಎಡತೋಳು ಸ್ವಲ್ಪ ಬಿಗಿ ಅಂದರು. ಗುಡ್ಡದ ತುಂಡನ್ನು ಎಸೆಯಲಾಗದೆ ಗುಂಡಿಯ ಡಬ್ಬಿಯಲ್ಲಿ ಇಟ್ಟಿದ್ದೇನೆ.

ಡಾಕ್ಟರು ಹೇಳಿದ ಹಾಗೆ ಕೇಳು, ನರ್ಸಮ್ಮನ ಹತ್ತಿರ ಹಟ ಮಾಡಬೇಡ. ನಿನ್ನ ಬೆನ್ನು ನೆಟ್ಟಗಾಗಿ, ನಿನ್ನ ಕಾಲಿನ ಮೇಲೆ ನೀನೇ ಈ ಮೆಟ್ಟಿಲು ಹತ್ತಿ ಬಾ ಅಂತ ಹರಸುವ

ನಿನ್ನ ಅಕ್ಕ

ತಡಿ, ಅಂಚೆಯವನು ಬೀದಿ ತಿರುವಿನಲ್ಲಿದ್ದಾನೆ, ಬೇಗ ಬರೆಯುತ್ತೇನೆ. ಸವಾರ ದಿನಾ ಏನು ಮಾಡಿದ ಅಂತ ನೀನು ಬರೆದಿಡುವ ಹಸಿರು ಪುಸ್ತಕ ದಿಂಬಿನ ಕೆಳಗಿದೆಯಲ್ಲ. ಅದರಲ್ಲಿ ಇರುವುದೇ ಖಾಯಂ, ಇಪ್ಪತ್ತೆರಡನೇ ತಾರೀಖು ಭಾನುವಾರದೊಳಗೆ ಉತ್ತರ ಬರಬೇಕು ಅಂದಿದ್ದಾನೆ ಬೀಗದವನು. ಕೊನೆಯ ಕಾಗದದಲ್ಲಿ "ಇನ್ನೆರಡು ದಿನ ಇದ್ದು ಇಳೀತಾನೆ" ಅಂತ ಮಾತ್ರ ಬರೆದಿದ್ದೀಯ, ಯಾವ ದಿನದಿಂದ ಎರಡು ದಿನ ಅಂತ ಹಾಕಿಲ್ಲ. ಒಂಬತ್ತನೇ ದಿನಕ್ಕೆ ಮೊದಲೇ ಅವನು ಗುಡ್ಡ ಇಳಿದಿದ್ದನಾ? ನೆನಪಿದೆ, ನೋಡುವುದೇನೂ ಬೇಡ ಅನ್ನಬೇಡ. ಪುಸ್ತಕ ತೆಗೆದು, ಕೈಯಲ್ಲಿ ಪೆನ್ನು ಹಿಡಿದುಕೊಂಡೇ, ಇನ್ನೊಂದು ಸಲ ನೋಡು.